ಬೆರಳ ತುದಿಯಷ್ಟು ಮುಲಾಮು

ಎಲ್ಲರಿಗೂ ನಮಸ್ಕಾರ.

ಮೂಡಿಗೆರೆ ಕಡೆ ಡಿಸೆಂಬರ್ ಅಂದರೆ ಕಾಫಿ ಕೊಯ್ಲು, ಚಳಿ, ಹಂಡೆ ತುಂಬಾ ಬಿಸಿನೀರು. ಇಸುಬು ಇರುವವರು ನನ್ನ ಹತ್ತಿರ ಜಾಸ್ತಿ ಬರುವುದೂ ಆಗಲೇ. ಒಣಗಿದ ಮೈಗೆ ಸುಡುವ ನೀರು ಹುಯ್ದುಕೊಂಡರೆ ಆ ಹೊತ್ತಿಗೆ ಹಿತ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ತುರಿಕೆ ಇನ್ನೂ ಜೋರಾಗುತ್ತದೆ.

ಕಳೆದ ಚಳಿಗಾಲ ಒಬ್ಬ ತಾಯಿ ಮೂರು ವರ್ಷದ ಮಗಳನ್ನು ಕರೆತಂದರು. ಮೊಣಕಾಲ ಹಿಂದೆ ಕೆರೆದು ಕೆರೆದು ರಕ್ತ ಬಂದಿತ್ತು. ಮೊದಲೇ ನಾನು ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮುಲಾಮು ಬರೆದುಕೊಟ್ಟಿದ್ದೆ. "ಸ್ಟಿರಾಯ್ಡ್ ಅಂದ್ರು ಡಾಕ್ಟ್ರೇ, ಹೆದರಿ ಹಚ್ಚಲಿಲ್ಲ" ಎಂದರು. ಅದೇ ಮನೆಯಲ್ಲಿ ಅವರ ಮಾವ ತೊಡೆಸಂದಿಯ ಹುಳುಕಡ್ಡಿಗೆ ಮೆಡಿಕಲ್‌ನಿಂದ ಸುಮ್ನೆ ಕೇಳಿ ತಂದ ಟ್ಯೂಬನ್ನು ಎರಡು ವರ್ಷದಿಂದ ಹಚ್ಚುತ್ತಿದ್ದರು. ಅದರಲ್ಲಿದ್ದದ್ದು ಕ್ಲೋಬೆಟಸಾಲ್. ಸ್ಟಿರಾಯ್ಡ್ ಮುಲಾಮುಗಳಲ್ಲೇ ಬಹಳ ತೀವ್ರವಾದದ್ದು ಅದು. ಹೈಡ್ರೋಕಾರ್ಟಿಸೋನ್ ತೀರಾ ಸೌಮ್ಯ. ಹೆದರಬೇಕಾದ ಕಡೆ ಹೆದರಿಕೆ ಇಲ್ಲ, ಬೇಡದ ಕಡೆ ಇದೆ. ನನಗೆ ನಿದ್ದೆಗೆಡಿಸುವುದು ಇದೇ.

ಹುಳುಕಡ್ಡಿಗೆ ಸ್ಟಿರಾಯ್ಡ್ ಹಚ್ಚಿದರೆ ಕೆಂಪು ಇಳಿಯುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಆ ಹಿರಿಯರ ತೊಡೆಯ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಬಿದ್ದಿದ್ದವು. ಆ ಗೆರೆಗಳು ಪೂರ್ತಿ ಹೋಗುವುದಿಲ್ಲ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಚೀಟಿ ಇದ್ದರೆ ಮಾತ್ರ ಮಾರುವ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಬೇಕೇ ಬೇಕು.

ಇಲ್ಲಿ ನೋಡಿ, ನನ್ನ ತೋರುಬೆರಳು. ತುದಿಯಿಂದ ಮೊದಲ ಗೆರೆಯವರೆಗೆ ಮುಲಾಮನ್ನು ಉದ್ದಕ್ಕೆ ಹಿಂಡುತ್ತೇನೆ. ಇದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಇಷ್ಟು ಸಾಕು. ಮಗುವಿಗೆ ಹಚ್ಚುವಾಗಲೂ ಅಳತೆ ದೊಡ್ಡವರ ಬೆರಳು, ದೊಡ್ಡವರ ಅಂಗೈ. ಆ ಹುಡುಗಿಯ ಎರಡೂ ಮೊಣಕಾಲಿಗೆ ಸೇರಿ ಇದೊಂದೇ ಅಳತೆ ಸಾಕಾಯಿತು. ಹೆದರಿಕೆ ಬಿಟ್ಟು ಹಚ್ಚಲು ಶುರುಮಾಡಿದಾಗಲೂ ಅವಳಮ್ಮ ಮೊದಲು ಹಿಂಡಿದ್ದು ಸಾಸಿವೆ ಕಾಳಿನಷ್ಟು. ಅಷ್ಟರಲ್ಲಿ ಇಸುಬು ವಾಸಿಯಾಗುವುದಿಲ್ಲ, ವಾರಗಟ್ಟಲೆ ಎಳೆಯುತ್ತದೆ. ದಿನಕ್ಕೆ ಒಂದು ಸಲ, ಇಲ್ಲವೇ ಎರಡು ಸಲ. ಅದಕ್ಕಿಂತ ಜಾಸ್ತಿ ಹಚ್ಚಿ ಲಾಭವಿಲ್ಲ.

ಎಲ್ಲಿ ಹಚ್ಚುತ್ತೀರಿ ಅನ್ನುವುದೂ ಮುಖ್ಯ. ಮುಖ, ಕಂಕುಳು, ತೊಡೆಸಂದಿಯ ಚರ್ಮ ತೆಳು, ಔಷಧ ಬೇಗ ಇಳಿಯುತ್ತದೆ. ತೀವ್ರವಾದದ್ದು ಅಲ್ಲಿ ಬೇಡ. ಕಣ್ಣಿನ ಸುತ್ತ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಮಗುವಿಗೆ ಡಯಾಪರ್ ಕಟ್ಟುವ ಜಾಗದಲ್ಲಿ ಮುಲಾಮು ಮುಚ್ಚಿಹೋಗಿ ಕೆಲಸ ಜೋರಾಗುತ್ತದೆ, ವೈದ್ಯರನ್ನು ಕೇಳದೆ ಹಚ್ಚಬೇಡಿ. ತೋಟದ ಕೆಲಸದ ಒರಟು ಅಂಗೈಗೆ ಮಾತ್ರ ಕೆಲವೊಮ್ಮೆ ತೀವ್ರವಾದದ್ದೇ ಬೇಕಾಗುತ್ತದೆ. ದೊಡ್ಡವರಿಗೂ ಕ್ಲೋಬೆಟಸಾಲ್ ಒಟ್ಟಿಗೆ ಎರಡು ವಾರ ಮೀರಬಾರದು, ವಾರಕ್ಕೆ 50 ಗ್ರಾಂ ದಾಟಬಾರದು.

ಮುಖಕ್ಕೆ, ರೆಪ್ಪೆಗೆ ಟ್ಯಾಕ್ರೋಲಿಮಸ್ ಎಂಬ ಬೇರೆ ಮುಲಾಮಿದೆ, ಅದು ಸ್ಟಿರಾಯ್ಡ್ ಅಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೆ 0.03 ಪರ್ಸೆಂಟಿನದು, ದೊಡ್ಡವರಿಗೆ 0.1. ಮೊದಲ ಕೆಲವು ದಿನ ಉರಿಯುತ್ತದೆ. ಆಮೇಲೆ ಕಡಿಮೆಯಾಗುತ್ತದೆ, ಹೆದರಿ ಬಿಡಬೇಡಿ.

ಸ್ನಾನ ಉಗುರುಬೆಚ್ಚಗಿನ ನೀರಲ್ಲಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಇಸುಬಿರದ ಕಡೆಗೂ ಹಚ್ಚಿ, ಇಸುಬು ಇಳಿದ ಮೇಲೂ ಹಚ್ಚಿ. ಔಷಧದ ಮುಲಾಮಿಗೂ ಇದಕ್ಕೂ ನಡುವೆ ಕಾಲು ಗಂಟೆ ಬಿಡಿ. ಇನ್ನೊಂದು ಮಾತು. ಪ್ಯಾರಾಫಿನ್ ಇರುವ ಜಿಡ್ಡಿನ ಮುಲಾಮು ಬಟ್ಟೆಗೆ ಅಂಟಿದ್ದರೆ ಬೆಂಕಿ ಬೇಗ ಹತ್ತುತ್ತದೆ. ಮುಲಾಮು ಹಚ್ಚಿದ ಮಗುವನ್ನು ಹಂಡೆ ಒಲೆಯ ಮುಂದೆ ಚಳಿ ಕಾಯಿಸಲು ಕೂರಿಸಬೇಡಿ.

ಎರಡೇ ದಿನಕ್ಕೆ ಕೆಂಪು ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ಕೈಯಾಡಿಸಿದರೆ ಚರ್ಮ ನುಣುಪಾಗಿರಬೇಕು, ತುರಿಕೆ ಇರಬಾರದು. ಹೇಳಿದಷ್ಟು ದಿನಕ್ಕೂ ಹಾಗಾಗದಿದ್ದರೆ ಹಚ್ಚುತ್ತಲೇ ಹೋಗದೆ ವಾಪಸ್ ಬನ್ನಿ. ಹಳದಿ ಹೊಪ್ಪಳೆ, ಕೀವು ಕಂಡರೂ ಬನ್ನಿ. ಜ್ವರದ ಜೊತೆ ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಎದ್ದರೆ ಅವತ್ತೇ ಬನ್ನಿ, ಬೆಳಗಾಗಲಿ ಅನ್ನಬೇಡಿ.

ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ತನ್ನಿ ಅಂದಿದ್ದೆ, ಅಲ್ವಾ? ಈ ಮೇಜಿನ ಮೇಲಿಡಿ. ಒಂದೊಂದರಲ್ಲೂ ಏನಿದೆ ಅಂತ ಓದಿ ಹೇಳುತ್ತೇನೆ.