ಕೂಲರ್ ಹಚ್ಚಿದಾಗ ಕಿಡಕಿ ತೆರೀಬೇಕೋ, ಮುಚ್ಚಬೇಕೋ?

[ಮನಿ ಮುಂದಿನ ಬೇವಿನ ಗಿಡದ ನೆರಳು. ಕೈಯಾಗ ಎರಡು ಥರ್ಮಾಮೀಟರ್.]

ನಮಸ್ಕಾರ್ರಿ. ರಾಯಚೂರು, ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಸಿಂಧನೂರಿನಿಂದ ಒಬ್ಬ ಅಕ್ಕಾರು ಕೇಳ್ಯಾರ: "ಕೂಲರ್ ಹಚ್ಚಿದ ಕೂಡಲೇ ನಮ್ಮ ಮನಿಯವರು ಕಿಡಕಿ, ಬಾಗಿಲಾ ಎಲ್ಲಾ ಮುಚ್ತಾರ, ತಂಪು ಹೊರಗ ಹೋಗ್ತದಂತ. ನಮ್ಮತ್ತಿ ಬಂದು ತೆರೀತಾರ. ಯಾರದು ಖರೇ?" ಈ ಜಗಳ ನಮ್ಮ ಮನ್ಯಾಗೂ ಅದ. ಇವತ್ತು ಬಗೆಹರಿಸೇಬಿಡೂನು.

ಶಕ್ತಿ ಹುಟ್ಟೋದಿಲ್ಲ, ಸಾಯೋದಿಲ್ಲ, ಬರೇ ರೂಪ ಬದಲಿಸ್ತದ. ಇದನ್ನ ಸಾಲ್ಯಾಗ ಎಲ್ಲರೂ ಓದೀವಿ, ಮುಂದ ಹೋಗೂನು. ಫ್ಯಾನ್ ತಗೋರಿ. 75 ವ್ಯಾಟಿನ ಫ್ಯಾನ್ ತಿಂದ ಕರೆಂಟೆಲ್ಲಾ ಕಡೀಕ ಅದೇ ಕೋಣ್ಯಾಗ ಶಾಖ ಆಗ್ತದ. ಫ್ಯಾನಿನ ಗಾಳಿ ನಮ್ಮ ಬೆವರು ಆರಿಸ್ತದ, ಅದಕ್ಕ ಹಿತ ಅನಸ್ತದ. ಖಾಲಿ ಕೋಣ್ಯಾಗ ಫ್ಯಾನ್ ಬಿಟ್ಟುಹೋದ್ರ ಕೋಣಿ ಒಂದೀಟು ಬಿಸಿನೇ ಆಗ್ತದ.

ಹಂಗಾದ್ರ ಕೂಲರ್ ಒಳಗ ಏನದ? ಒಂದು ಫ್ಯಾನು, ಒಂದು ಸಣ್ಣ ಪಂಪು, ಎಲ್ಲಾ ಕೂಡಿ 180 ವ್ಯಾಟ್ ಹಿಡೀರಿ. ಪಂಪು ಹುಲ್ಲಿನ ಪದರಿಗೆ ನೀರು ಹಾಕ್ತದ, ಫ್ಯಾನು ಆ ಒದ್ದಿ ಹುಲ್ಲಿನಾಗಿಂದ ಗಾಳಿ ಎಳೀತದ. ಇದರಾಗ ಗಾಳಿ ತಂಪು ಮಾಡೋದು ಕರೆಂಟ್ ಅಲ್ರಿ. ನೀರು.

[ಹತ್ತಿರದಿಂದ: ಥರ್ಮಾಮೀಟರಿನ ಬುಡಕ್ಕ ಒದ್ದಿ ಹತ್ತಿ ಬಟ್ಟಿ ಸುತ್ತೋದು.]

ಇದು ಒಣ ಥರ್ಮಾಮೀಟರ್. ಇನ್ನೊಂದಕ್ಕ ಒದ್ದಿ ಬಟ್ಟಿ ಸುತ್ತೀನಿ. ಈಗ ಬೀಸಣಿಕಿ ತಗೊಂಡು ಗಾಳಿ ಹಾಕ್ತೀನಿ, ಒದ್ದಿ ಥರ್ಮಾಮೀಟರ್ ನೋಡ್ರಿ, ಹೆಂಗ ಇಳೀತದ. ಗಾಳಿ 42 ಡಿಗ್ರಿ, ತೇವಾಂಶ ನೂರಕ್ಕ 20 ಇದ್ದ ದಿನ ಇದು ಸುಮಾರು 24 ಡಿಗ್ರಿ ತನಕ ಇಳೀತದ. ಐಸಿಲ್ಲ, ಕರೆಂಟಿಲ್ಲ, ಬರೇ ಒಂದು ಒದ್ದಿ ಚಿಂದಿ! ನಾ ಎಷ್ಟು ಸಲ ಮಾಡಿದ್ರೂ ಇದನ್ನ ನೋಡಾಕ ನನಗ ಬ್ಯಾಸರಾಗೋದಿಲ್ಲ.

ನೀರು ಆವಿಯಾಗಾಕ ಶಾಖ ಬೇಕು, ಅದನ್ನ ಸುತ್ತಲಿನ ಗಾಳಿಯಿಂದ ಕಸಗೊಳ್ತದ. ಎಷ್ಟು ಶಾಖ? ಒಂದು ಲೀಟರ್ ನೀರಿಗೆ ಸುಮಾರು 2400 ಕಿಲೋಜೌಲ್. ಮನಿ ಲೆಕ್ಕದಾಗ ಹೇಳ್ತೀನಿ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗಿ 40 ನಿಮಿಷ ಬಿಟ್ಟೂಬಿಡದೆ ಉರಿದ್ರ ಎಷ್ಟು ಶಾಖ ಬರ್ತದೋ, ಅಷ್ಟನ್ನೂ ಒಂದೇ ಒಂದು ಲೀಟರ್ ನೀರು ನುಂಗ್ತದ. ಒಂದು ತಾಸಿಗೆ ಆರು ಲೀಟರ್ ಆರಿದ್ರ ಅದು 4 ಕಿಲೋವ್ಯಾಟ್ ಶಾಖ ಎಳಕೊಂಡಂಗ. ನಾವು ಕೊಟ್ಟಿದ್ದು 180 ವ್ಯಾಟ್! ಒಂದೂವರಿ ಟನ್ನಿನ ಏಸಿ 5 ಕಿಲೋವ್ಯಾಟ್ ಶಾಖ ಹೊರಗ ಹಾಕಾಕ ಒಂದೂವರಿ ಕಿಲೋವ್ಯಾಟ್ ತಿಂತದ. ಆದ್ರ ಎರಡನ್ನೂ ಒಂದೇ ತಕ್ಕಡ್ಯಾಗ ತೂಗಬಾರದು. ಏಸಿ ಒಳಗಿನ ಗಾಳೀನ ತಿರುತಿರುಗಿ ತಂಪು ಮಾಡ್ತದ, ಕೂಲರಿಗೆ ಹೊರಗಿನ ಒಣ ಗಾಳಿ ಬೇಕೇಬೇಕು.

ಉತ್ತರ ಇಲ್ಲೇ ಅದ. ಆರಿದ ನೀರು ಎಲ್ಲಿ ಹೋತು? ಗಾಳ್ಯಾಗ. ಕಿಡಕಿ ಮುಚ್ಚಿದ್ರ ಅದೇ ಹಸಿ ಗಾಳಿ ಮತ್ತ ಕೂಲರಿಗೆ ಬರ್ತದ, ನೀರು ಆರೋದು ನಿಲ್ತದ, ಮೈ ಜಿಗಿಜಿಗಿ ಆಗ್ತದ. ಕೂಲರಿನ ಬೆನ್ನು ಹೊರಗಿನ ಗಾಳಿಗಿರಲಿ, ಎದುರಿನ ಕಿಡಕಿ ತೆರದಿರಲಿ. ಅತ್ತಿಯವರದೇ ಖರೇ, ಅಕ್ಕಾರೆ.

ಇನ್ನ ಹರವಿ. [ಹರವಿ ಮೈ ಮ್ಯಾಲ ಕೈ ಆಡಿಸ್ತಾ.] ಇದೂ ಕೂಲರೇ. ಮಣ್ಣಿನ ಸಣ್ಣ ಸಣ್ಣ ರಂಧ್ರದಾಗಿಂದ ನೀರು ಜಿನುಗಿ ಮೈ ಮ್ಯಾಲ ಆರ್ತದ, ಒಳಗಿನ ನೀರು ತಣ್ಣಗಾಗ್ತದ. ಇಲ್ಲಿ ಬಿಳಿ ಪದರು ಕಾಣ್ತದಲ್ಲ, ಇದು ನಮ್ಮ ಸವಳು ನೀರಿನ ಉಪ್ಪು. ನೀರು ಆರ್ತದ, ಉಪ್ಪು ಕುಂದರ್ತದ, ರಂಧ್ರ ಮುಚ್ತದ. ಹಳೇ ಹರವಿ ನೀರು ತಣ್ಣಗಾಗೋದಿಲ್ಲ ಅಂತ ನಮ್ಮಮ್ಮ ಹೇಳ್ತಿದ್ದದ್ದು ಇದಕ್ಕ. ಕೂಲರಿನ ಹುಲ್ಲಿಗೂ ಇದೇ ಗತಿ. ಬೋರಿನ ನೀರು ಹಾಕೋರು ತೊಟ್ಟಿ ಆಗಾಗ ಖಾಲಿ ಮಾಡ್ರಿ, ಉಪ್ಪು ಹಿಡಿದ ಹುಲ್ಲು ಬದಲಿಸ್ರಿ.

ಟೈಮ್ ಆತು, ಉಳಿದದ್ದನ್ನ ಒಟ್ಟಿಗೇ ಹೇಳಿಬಿಡ್ತೀನಿ. ಫ್ರಿಜ್ಜಿನ ಬಾಗಿಲಾ ತೆರದಿಟ್ರ ಕೋಣಿ ತಂಪಾಗೋದಿಲ್ಲ, ಹಿಂದಿನಿಂದ ಬರೋ ಶಾಖ ಮುಂದಿನ ತಂಪಿಗಿಂತ ಹೆಚ್ಚು. ಹಳೇ 60 ವ್ಯಾಟಿನ ಬಲ್ಬಿನ ಬೆಳಕು 9 ವ್ಯಾಟಿನ ಎಲ್‌ಇಡಿ ಕೊಡ್ತದ. ಕೃಷ್ಣಾ ದಂಡಿ ಮ್ಯಾಲ ನಮ್ಮ ಶಕ್ತಿನಗರದ ಕರೆಂಟ್ ಸ್ಥಾವರ ಅದಲ್ಲ, ಅಂಥಾದರಾಗ ಕಲ್ಲಿದ್ದಲಿನ ಶಾಖದ ಹೆಚ್ಚುಕಡಿಮಿ ಮೂರನೇ ಒಂದು ಪಾಲು ಅಷ್ಟೇ ಕರೆಂಟ್ ಆಗ್ತದ. ಮನ್ಯಾಗ ಒಂದು ಯೂನಿಟ್ ಉಳಿಸಿದ್ರ ಅಲ್ಲಿ ಮೂರು ಯೂನಿಟ್ಟಿನಷ್ಟು ಶಾಖದ ಕಲ್ಲಿದ್ದಲು ಉಳೀತದ. ಜುಲೈದಾಗ ಗಾಳಿನೇ ಹಸಿ ಇರ್ತದ, 32 ಡಿಗ್ರಿ ಇದ್ರೂ ಕೂಲರ್ ನಾಕು ಡಿಗ್ರಿ ಇಳಿಸಿದ್ರ ದೊಡ್ಡದು. ಆಗ ಪಂಪು ಬಂದ್ ಮಾಡಿ ಬರೇ ಫ್ಯಾನ್ ಇಡ್ರಿ.

ಸಿಂಧನೂರಾಗ ಸುತ್ತಲೂ ಭತ್ತದ ಗದ್ದಿ, ಕಿಡಕಿ ತೆರದ್ರ ಸೊಳ್ಳಿ ಬರ್ತಾವ, ಗೊತ್ತದ. ಅದಕ್ಕ ಜಾಳಗಿ ಹಾಕಿಸ್ರಿ, ಧೂಳು ಕುಂತ್ರ ತೊಳೀರಿ, ಇಲ್ಲಾಂದ್ರ ಗಾಳಿ ಹಾಯೋದಿಲ್ಲ. ಕೂಲರಿನ ನೀರು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ತೊಟ್ಟಿ ಗೋಡಿ ತಿಕ್ಕಿ ಒಣಗಿಸ್ರಿ. ಡೆಂಗ್ಯೂ ಸೊಳ್ಳಿ ಮೊಟ್ಟಿ ಇಡೋದು ಆ ಗೋಡಿಗೇನೇ.