ನೀಲಿ ಬೇಡ ಅಂದ ರೈತರು

ಕೇಳುಗರಿಗೆ ನಮಸ್ಕಾರ.

1859ರಲ್ಲಿ ಬಂಗಾಳದ ನದಿಯಾ, ಜೆಸ್ಸೋರ್ ಸೀಮೆಯ ರೈತರು ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ ಬಿತ್ತುವುದಿಲ್ಲ ಎಂದು ಪಟ್ಟು ಹಿಡಿದರು. ದುಡ್ಡು ತರುವ ಬೆಳೆ ಯಾಕೆ ಬೇಡ ಅಂದರು ಎಂದು ಈಗಲೂ ಕೆಲವರು ಕೇಳುತ್ತಾರೆ. ಸ್ವಾಮಿ, ದುಡ್ಡು ಬರ್ತಾ ಇದ್ದದ್ದು ಯಾರ ಜೇಬಿಗೆ? ಮೊದಲು ಅದನ್ನು ಕೇಳಬೇಕಲ್ವಾ?

ಲೆಕ್ಕ ನೋಡಿ. ಬಿಘಾಕ್ಕೆ, ಅಂದರೆ ಅಲ್ಲಿನ ಅಳತೆಯಲ್ಲಿ ಸುಮಾರು ಎಕರೆಯ ಮೂರನೇ ಒಂದು ಪಾಲಿಗೆ, 2 ರೂಪಾಯಿ ಮುಂಗಡ. ಬತ್ತ ಬೆಳೆಯುವ ಒಳ್ಳೆಯ ಜಮೀನೇ ಆಗಬೇಕು. ಸೊಪ್ಪು ಕೊಯ್ದು ದೊರೆಯ ಕೋಠಿಗೆ, ಅಂದರೆ ಬಿಳಿಯ ಸಾಹೇಬನ ನೀಲಿ ಕಾರ್ಖಾನೆಗೆ, ಒಯ್ದರೆ ಸರಪಳಿ ಸುತ್ತಿ ಕಟ್ಟು ಅಳೆಯುತ್ತಿದ್ದರು. ಕೋಠಿಯ ಆಳು ಸರಪಳಿ ಬಿಗಿದಷ್ಟೂ ಕಟ್ಟುಗಳ ಎಣಿಕೆ ಇಳಿಯುತ್ತಿತ್ತು, ಅದರ ಜೊತೆ ರೈತನ ದುಡ್ಡೂ. ಬೀಜ, ಗಾಡಿ ಬಾಡಿಗೆ, ಛಾಪಾ ಕಾಗದದ ಖರ್ಚು ಮುರಿದುಕೊಂಡರೆ ಮುಂಗಡವೇ ತೀರದು. ಅಪ್ಪನ ಬಾಕಿ ಮಗನ ತಲೆಗೆ. ಅತ್ತ ಅಕ್ಕಿಯ ಬೆಲೆ ಏರುತ್ತಲೇ ಇತ್ತು. ರೈತನಿಗೆ ಲೆಕ್ಕ ಬರ್ತಿತ್ತು, ಅಷ್ಟೇ ವಿಷಯ.

ಚೌಗಾಛಾ ಗ್ರಾಮದ ದಿಗಂಬರ ಬಿಸ್ವಾಸ್, ವಿಷ್ಣುಚರಣ ಬಿಸ್ವಾಸ್ ಮೊದಲು ಕೋಠಿಯಲ್ಲೇ ಕೆಲಸಕ್ಕಿದ್ದವರು. ಒಳಗಿನ ಲೆಕ್ಕ ಬಲ್ಲವರು. ಅವರೇ ಕೆಲಸ ಬಿಟ್ಟು ರೈತರ ಮುಂದೆ ನಿಂತರು. ಕೋಠಿಯ ಲಾಠಿಯಾಳುಗಳು ನುಗ್ಗಿ ಬಂದರೆ ಊರಿಗೆ ಊರೇ ಎದ್ದಿತು. ಊರವರು ಕಟ್ಟಿಕೊಂಡ ದಂಡಿನ ಕತೆ ನನಗೆ ಬಲು ಇಷ್ಟ. ಕವಣೆಯವರದು ಒಂದು ಗುಂಪು, ಇಟ್ಟಿಗೆಯವರದು ಇನ್ನೊಂದು. ಮತ್ತೊಂದು ಗುಂಪಿನ ಕೈಯಲ್ಲಿ ಬಿಲ್ವದ ಹಸಿ ಕಾಯಿ! ನಾವು ಶಿವರಾತ್ರಿಗೆ ಪತ್ರೆ ಏರಿಸುತ್ತೇವಲ್ಲ, ಅದೇ ಮರದ್ದು. ತಲೆಗೆ ಬಿದ್ದರೆ ಗೊತ್ತಾಗುತ್ತೆ. ಇನ್ನು ಕೆಲವರು ಉಣ್ಣುವ ಹಿತ್ತಾಳೆ ತಟ್ಟೆಯನ್ನೇ ಅಡ್ಡಡ್ಡ ಬೀಸಿ ಎಸೆಯುತ್ತಿದ್ದರು. ಹೆಂಗಸರು ಚೆನ್ನಾಗಿ ಸುಟ್ಟ ಮಡಕೆ ಹಿಡಿದು ಬಂದರು. ಮನೆಯಲ್ಲಿ ಏನಿತ್ತೋ ಅದೇ ಆಯುಧ. ಸೋಮಾರಿ ರೈತರು ಅಂತ ಬರೆದ ದೊರೆಗಳು ಈ ತಟ್ಟೆಗಳನ್ನು ಎಣಿಸಿದ್ದರೋ ಇಲ್ಲವೋ!

ಇಷ್ಟರಲ್ಲಿ ಹೊತ್ತು ಕಳೆದೇ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. 1860ರಲ್ಲಿ ಸರ್ಕಾರ ನೀಲಿ ಆಯೋಗ ನೇಮಿಸಿತು. ನೀಲಿಯಿಂದ ರೈತನಿಗೆ ಲಾಭವಿಲ್ಲ ಎಂದು ಆಯೋಗವೇ ಒಪ್ಪಿತು. ಈಗಿನ ಕರಾರು ಮುಗಿಸಿ, ಮುಂದೆ ಬೇಡವಾದರೆ ಬಿಡಿ ಎಂದಿತು. ರೈತ ಹೇಳಿದ್ದೂ ಅದೇ ಲೆಕ್ಕ ಅಲ್ವಾ!

ಬಂಗಾಳದಲ್ಲಿ ನೀಲಿ ಕುಸಿಯಿತು. ಬಿಹಾರದಲ್ಲಿ ಬಿಡಲಿಲ್ಲ. ಚಂಪಾರಣ್‌ನಲ್ಲಿ 20 ಕಠಾ (ಒಂದು ಕಠಾ ಅಂದರೆ ಬಿಘಾದ ಇಪ್ಪತ್ತನೇ ಒಂದು ಪಾಲು) ಜಮೀನಿದ್ದರೆ 3 ಕಠಾದಲ್ಲಿ ನೀಲಿ ಬೆಳೆಯಲೇಬೇಕಿತ್ತು. ಅಲ್ಲಿಯ ರೈತ ರಾಜಕುಮಾರ ಶುಕ್ಲ ಗಾಂಧೀಜಿಯವರ ಬೆನ್ನು ಬಿಡದೆ, 1917ರಲ್ಲಿ ಅವರನ್ನು ಕರೆದುಕೊಂಡೇ ಹೋದರು. ಮರುವರ್ಷವೇ ಕಾನೂನು ಬಂದು ಆ ಕಡ್ಡಾಯ ರದ್ದಾಯಿತು.