ಗೆರಾಂದ್‌ನ ಉಪ್ಪಿನ ಮಡಿಗಳು

ಎಲ್ಲರಿಗೂ ನಮಸ್ಕಾರ.

ನಿಮ್ಮ ನಡುವೆ ಎರಡು ತಟ್ಟೆ ಬರುತ್ತಿವೆ. ಒಂದೊಂದು ಚಿಟಿಕೆ ತೆಗೆದುಕೊಳ್ಳಿ. ಮೊದಲನೆಯದು ಬೂದು ಬಣ್ಣದ ಹರಳುಪ್ಪು. ಬೆರಳಲ್ಲಿ ಉಜ್ಜಿ ನೋಡಿ, ಇನ್ನೂ ತೇವ ಇದೆ ಅಲ್ವಾ? ಎರಡನೆಯದು ಬಿಳಿ, ಹಗುರ, ಒತ್ತಿದರೆ ಪುಡಿಯಾಗುತ್ತದೆ. ಎರಡೂ ಒಂದೇ ಮಡಿಯ ಉಪ್ಪು, ಒಂದೇ ನೀರಿನದು. ಫ್ರಾನ್ಸಿನ ಪಶ್ಚಿಮ ಕರಾವಳಿಯ ಗೆರಾಂದ್ ಎಂಬ ಊರಿನಿಂದ ತಂದೆ.

ಪ್ಯಾರಿಸ್‌ನಿಂದ ಆ ಕಡೆಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಬಂದವರು ಸಾಮಾನ್ಯವಾಗಿ ಮೊದಲು ಕೋಟೆಯೊಳಗಿನ ಊರಿಗೆ ಹೋಗುತ್ತಾರೆ. ನಾಲ್ಕು ಬಾಗಿಲಿನ ಹಳೆಯ ಕಲ್ಲುಗೋಡೆ, ಒಳಗೆ ಸಂತ ಓಬಾನ್ ಚರ್ಚು, ಸುತ್ತ ಇಕ್ಕಟ್ಟಾದ ಬೀದಿಗಳು. ಚೆಂದದ ಊರೇ. ಆದರೆ ನನ್ನ ಮಾತು ಕೇಳಿದರೆ, ಮೊದಲು ಕೆಳಗಿನ ಉಪ್ಪಿನ ಆಗರಕ್ಕೆ ಹೋಗಿ. ಈ ಊರನ್ನು ಬೆಳೆಸಿದ್ದೇ ಉಪ್ಪಿನ ವ್ಯಾಪಾರ. ಅಲ್ಲಿನ ಹಳೆಯ ಬ್ರೆಟನ್ ಭಾಷೆಯಲ್ಲಿ ಊರಿನ ಹೆಸರು ಗ್ವೆನ್‌ರಾನ್. ಗ್ವೆನ್ ಅಂದರೆ ಬಿಳಿ.

ಆಗರ ಅಂದರೆ ಸುಮಾರು 2,000 ಹೆಕ್ಟೇರು. ಕಣ್ಣು ಹಾಯಿಸಿದಷ್ಟೂ ಮಣ್ಣಿನ ಬದು, ನೀರಿನ ಮಡಿ, ಮತ್ತೆ ಬದು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ದೊಡ್ಡ ಉಬ್ಬರ ಬಂದಾಗ ತೂಬು ತೆಗೆದು ಸಮುದ್ರದ ನೀರನ್ನು ದೊಡ್ಡ ಕೊಳಕ್ಕೆ ತುಂಬಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಪಂಪು ಬೇಕಿಲ್ಲ. ಇಳಿಜಾರು ಬರೀ ಕೆಲವೇ ಸೆಂಟಿಮೀಟರು, ಅಷ್ಟರಲ್ಲೇ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಸುತ್ತಿ ಸುತ್ತಿ ಹರಿಯುತ್ತದೆ. ಬಿಸಿಲು, ಗಾಳಿಗೆ ಆರುತ್ತಾ ಹೋಗುತ್ತದೆ. ಕೊನೆಯ ಮಡಿ ಮುಟ್ಟುವಾಗ ಅದರ ಆಳ ಬೆರಳಿನ ಒಂದು ಗೆಣ್ಣಿನಷ್ಟೂ ಇರುವುದಿಲ್ಲ. ಈ ವಿಧಾನ 9ನೇ ಶತಮಾನದ ಹೊತ್ತಿಗೇ ಇಲ್ಲಿ ನೆಲೆಯೂರಿತ್ತು ಎನ್ನುತ್ತಾರೆ.

ನಾನು ಹೋದ ದಿನ ಒಬ್ಬ ಹೆಂಗಸು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಈ ಕೆಲಸ ಮಾಡುವವರನ್ನು ಪಾಲ್ಯುದಿಯೆ ಅಂತ ಕರೆಯುತ್ತಾರೆ. ಎರಡು ಮಡಿಗಳ ನಡುವೆ ಒಂದು ತೂತಿನ ಹಲಗೆ. ಒಂದೊಂದು ತೂತಿಗೂ ಒಂದು ಮರದ ಬಿರಡೆ. ಅವರು ಆಕಾಶ ನೋಡಿದರು, ಕೆನ್ನೆಗೆ ಗಾಳಿ ತಾಗಿಸಿಕೊಂಡರು, ಒಂದೇ ಒಂದು ಬಿರಡೆ ಕಿತ್ತರು. ನೀರು ಕಡ್ಡಿಯಷ್ಟು ದಪ್ಪ ಹರಿಯಿತು. "ಇವತ್ತಿಗೆ ಇಷ್ಟು ಸಾಕು. ನಾಳೆ ಗಾಳಿ ಜಾಸ್ತಿ ಇದ್ದರೆ ಇನ್ನೊಂದು ತೆಗೀತೀನಿ" ಎಂದರು. ನಾನು ಅಲ್ಲೇ ಸುಮ್ನೆ ಕೂತು ಆ ನೀರನ್ನೇ ನೋಡಿದೆ. ಇಡೀ ಪ್ರವಾಸದಲ್ಲಿ ಇಷ್ಟು ನೆನಪಿನಲ್ಲಿ ಉಳಿದದ್ದು ಬೇರೆ ಇಲ್ಲ.

ಸಂಜೆ ಅವರು ಉದ್ದನೆಯ ಹಿಡಿಕೆಯ ಹಲಗೆ ಹಿಡಿದು ಬಂದರು. ಹಲಗೆಯಿಂದ ಉಪ್ಪನ್ನು ಕೆರೆಯುವುದಿಲ್ಲ. ನೀರನ್ನು ಮೆಲ್ಲಗೆ ತಳ್ಳುತ್ತಾರೆ, ಆ ಅಲೆಗೆ ಉಪ್ಪು ಸರಿದು ಬರುತ್ತದೆ. ಸ್ವಲ್ಪ ಒತ್ತಿದರೂ ತಳದ ಜೇಡಿಮಣ್ಣು ಎದ್ದು ಎಲ್ಲ ಕೆಡುತ್ತದೆ. ಬೂದು ಬಣ್ಣ ಆ ಜೇಡಿಯದೇ. ಬಿಳಿ ಉಪ್ಪು ತಳ ಮುಟ್ಟುವುದಿಲ್ಲ, ಒಣಗಾಳಿ ಬೀಸಿದ ಮಧ್ಯಾಹ್ನ ನೀರಿನ ಮೇಲೆ ಕೆನೆಯ ಹಾಗೆ ಕಟ್ಟುತ್ತದೆ. ಅದಕ್ಕೇ ಅದರ ಹೆಸರು ಫ್ಲರ್ ದ ಸೆಲ್, ಉಪ್ಪಿನ ಹೂವು. ಮುಂಚೆ ಈ ಕೆನೆ ತೆಗೆಯುವುದು ಹೆಂಗಸರ ಕೆಲಸವಾಗಿತ್ತು. ಒಂದು ಮಳೆ ಬಂದರೆ ಸಾಕು, ಮಡಿ ನೀರಾಗಿ ಹೋಗುತ್ತದೆ, ಮತ್ತೆ ದಿನಗಟ್ಟಲೆ ಕಾಯಬೇಕು.

ಇನ್ನು ತೆರಿಗೆಯ ಕಥೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಫ್ರಾನ್ಸಿನ ರಾಜರು ಉಪ್ಪಿಗೆ ಗಾಬೆಲ್ ಎಂಬ ಸುಂಕ ಹಾಕಿದ್ದರು. ಆದರೆ ಗೆರಾಂದ್ ಇದ್ದ ಬ್ರಿಟನಿ ಪ್ರಾಂತ್ಯಕ್ಕೆ ವಿನಾಯಿತಿ ಇತ್ತು. ಗಡಿ ದಾಟಿದರೆ ಅದೇ ಉಪ್ಪಿಗೆ ಹತ್ತು ಪಟ್ಟಿಗೂ ಜಾಸ್ತಿ ಬೆಲೆ. ಹಾಗಾಗಿ ಬಡವರು ರಾತ್ರಿ ಉಪ್ಪು ಹೊತ್ತು ದಾಟಿಸುತ್ತಿದ್ದರು. ನಾಯಿಗಳ ಮೈಗೆ ಉಪ್ಪು ಕಟ್ಟಿ ಬಿಡುತ್ತಿದ್ದರು. ಸಿಕ್ಕಿಬಿದ್ದವರಲ್ಲಿ ಎಷ್ಟೋ ಜನ ರಾಜನ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆ ಅನುಭವಿಸಿದರು. ಒಂದು ಹಿಡಿ ಉಪ್ಪಿಗೆ! 1790ರಲ್ಲಿ ಕ್ರಾಂತಿ ಅದನ್ನು ತೆಗೆದುಹಾಕಿತು. 1806ರಲ್ಲಿ ನೆಪೋಲಿಯನ್ ಮತ್ತೆ ಉಪ್ಪಿಗೆ ತೆರಿಗೆ ತಂದ.

ಅಂದಹಾಗೆ, ಗೆರಾಂದ್ ಇವತ್ತು ಆಡಳಿತದ ಲೆಕ್ಕದಲ್ಲಿ ಬ್ರಿಟನಿಯಲ್ಲಿಲ್ಲ. 1956ರಲ್ಲಿ ಫ್ರಾನ್ಸಿನ ಹೊಸ ಪ್ರದೇಶಗಳ ಗೆರೆ ಎಳೆದಾಗ ಪಕ್ಕದ ಪ್ರದೇಶಕ್ಕೆ ಸೇರಿತು. ಮನಸ್ಸು ಮಾತ್ರ ಬ್ರಿಟನಿಯಲ್ಲೇ ಇದೆ ಎನ್ನುವವರು ಈಗಲೂ ಅಲ್ಲಿದ್ದಾರೆ. ಅದೇ 1956, ನಮ್ಮ ಕಾಸರಗೋಡು. ಹೆಚ್ಚು ಹೇಳುವುದು ಬೇಡ.

19ನೇ ಶತಮಾನದಲ್ಲಿ ರೈಲು ಬಂದು ಗಣಿಯ ಉಪ್ಪು, ಮೆಡಿಟರೇನಿಯನ್ ಉಪ್ಪು ಅಗ್ಗವಾಗಿ ಎಲ್ಲೆಡೆ ಸಿಗತೊಡಗಿತು. ಇಲ್ಲಿನ ಮಡಿಗಳು ಪಾಳು ಬಿದ್ದವು. 1970ರ ಆಸುಪಾಸಿನಲ್ಲಿ ಪಕ್ಕದ ಲಾ ಬೋಲ್ ಎಂಬ ಮೋಜಿನ ಪಟ್ಟಣಕ್ಕಾಗಿ ಆಗರದ ಮೇಲೆ ರಸ್ತೆ, ಕಟ್ಟಡ ತರುವ ಯೋಜನೆಗಳೂ ಬಂದವು. ಹಳಬರು ಬಿಡಲಿಲ್ಲ. ಹೊರಗಿನಿಂದ ಬಂದ ಹುಡುಗರು, ಹುಡುಗಿಯರು ಅವರ ಜೊತೆ ನಿಂತು ಕೆಲಸ ಕಲಿತರು. ಎಲ್ಲರೂ ಸೇರಿ ಸಹಕಾರ ಸಂಘ ಕಟ್ಟಿದರು. 1999ರ ಡಿಸೆಂಬರಿನಲ್ಲಿ ಎರಿಕಾ ಎಂಬ ತೈಲದ ಹಡಗು ಬ್ರಿಟನಿಯ ಆಚೆ ಸಮುದ್ರದಲ್ಲಿ ಎರಡಾಗಿ ಮುರಿಯಿತು. ಎಣ್ಣೆ ದಡಕ್ಕೆ ಬರತೊಡಗಿದಾಗ ಇವರು ಕಾಲುವೆಗಳ ಬಾಯಿಗೆ ಮಣ್ಣಿನ ಒಡ್ಡು ಹಾಕಿ ತಮ್ಮ ಮಡಿಗಳನ್ನು ಕಾದುಕೊಂಡರು. ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು.

ಹೋಗುವುದಾದರೆ ಜುಲೈ, ಆಗಸ್ಟಿನಲ್ಲಿ ಹೋಗಿ. ಕೊಯ್ಲು ನಡೆಯುವುದು ಆಗಲೇ. ಬಾ-ಸುರ್-ಮೇರ್ ಎಂಬ ಹಳ್ಳಿಯ ಚರ್ಚಿನ ಗೋಪುರ ಹತ್ತಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮಡಿಗಳು. ಉಪ್ಪಿನ ಹಳೆಯ ವಸ್ತುಸಂಗ್ರಹಾಲಯವೂ ಅದೇ ಹಳ್ಳಿಯಲ್ಲಿದೆ. ಕೋಟೆಗೆ ಮಾರನೇ ದಿನ ಹೋದರಾಯಿತು.

ತಟ್ಟೆಯಲ್ಲಿ ಉಳಿದದ್ದನ್ನು ಪೊಟ್ಟಣ ಕಟ್ಟಿ ಕೊಡುತ್ತೇನೆ, ಒಯ್ಯಿರಿ. ಬೂದು ಉಪ್ಪು ಸಾರಿಗೆ ಹಾಕಿ. ಬಿಳಿಯದನ್ನು ಮಾತ್ರ ಒಲೆಯ ಹತ್ತಿರ ತರಬೇಡಿ. ಮಾವಿನಕಾಯಿ ಹೆಚ್ಚಿ, ಮೇಲಿಂದ ಉದುರಿಸಿ, ಕರಗುವ ಮುಂಚೆ ತಿನ್ನಿ.